ಕೊನೆಯವರು ಬರುವ ತನಕ ಕಾಯಬೇಕಾ?

ಸಂಪಿಗೆಮರ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ಆರು ವರ್ಷದಿಂದ ಓಡುತ್ತಿದ್ದೇನೆ. ಒಂಬತ್ತು ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ಬರುವ ಜನವರಿಗೆ ಮುಂಬಯಿಯಲ್ಲಿ ಮೊದಲ ಫುಲ್, ಅಂದರೆ 42 ಕಿಮೀ ಮ್ಯಾರಥಾನ್. ನೋಂದಣಿ ಆಗಿದೆ, ಮನೆಯಲ್ಲೂ ಒಪ್ಪಿದ್ದಾರೆ. ತೊಂದರೆ ಬೇರೆಯದು.

ಕಳೆದ ಭಾನುವಾರ ನಮ್ಮ ಗುಂಪಿಗೆ 24 ಕಿಮೀ ಲಾಂಗ್ ರನ್ ಇತ್ತು. ಬೆಳಗ್ಗೆ 4:30ಕ್ಕೆ ಕಬ್ಬನ್ ಪಾರ್ಕಿನ ಲೈಬ್ರರಿ ಮುಂದಿನಿಂದ ಹೊರಟೆವು. ಉಳಿದವರು ಕಿಮೀಗೆ ಆರು ನಿಮಿಷದಲ್ಲಿ ಓಡುತ್ತಾರೆ. ನನಗೆ ಎಂಟೂವರೆ ಬೇಕು. ಮೊದಲ ಸಿಗ್ನಲ್ ದಾಟುವ ಹೊತ್ತಿಗೆ ಅವರ ಬೆನ್ನೂ ಕಾಣಲಿಲ್ಲ. ಹೊರಡುವಾಗಲೇ ಹೇಳಿದ್ದೆ, "ನೀವು ಮುಗಿಸಿಕೊಂಡು ಹೊರಡಿ, ನನಗಾಗಿ ನಿಲ್ಲಬೇಡಿ" ಅಂತ.

ನಾನು ವಾಪಸ್ ಬಂದಾಗ ಎಂಟು ಗಂಟೆಗೆ ಐದು ನಿಮಿಷ ಇತ್ತು. ಅವರು ಏಳಕ್ಕೆ ಮೊದಲೇ ಮುಗಿಸಿದ್ದರು. ಎಲ್ಲರೂ ಹೋಗಿರುತ್ತಾರೆ ಅಂದುಕೊಂಡೆ. ಆದರೆ ಆ ಕೆಂಪು ಕಟ್ಟಡದ ಎದುರಿನ ಕಲ್ಲುಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬರು ನಮ್ಮ ಗುಂಪಿನ ಹಿರಿಯರು, 63 ವರ್ಷ. ಇನ್ನೊಬ್ಬಳು ಹೋದ ತಿಂಗಳಷ್ಟೇ ಸೇರಿದ ಹುಡುಗಿ. ಹಿರಿಯರು ಸ್ಟೀಲ್ ಬಾಟಲಿಯ ಮುಚ್ಚಳಕ್ಕೆ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಬಗ್ಗಿಸಿ ಕೈಗೆ ಕೊಟ್ಟರು. ಅವರ ಬೆರಳು ತಣ್ಣಗಿತ್ತು. ಜಿನುಗು ಮಳೆ ಬಂದು ಹೋಗಿತ್ತು, ಬನಿಯನ್ ಇನ್ನೂ ಒದ್ದೆ. ಒಂದು ಗಂಟೆ ಹಾಗೇ ಕೂತಿದ್ದಾರೆ. ನನಗೆ ಅಳು ಬಂತು. ಖುಷಿಗೂ ಹೌದು, ಸಂಕಟಕ್ಕೂ ಹೌದು.

ಇದುವರೆಗೆ ನನ್ನ ವೇಗದವಳೇ ಒಬ್ಬ ಗೆಳತಿ ಇದ್ದಳು. ಜೂನ್‌ನಲ್ಲಿ ಅವಳಿಗೆ ಪುಣೆಗೆ ವರ್ಗ ಆಯಿತು. ಈಗ ಪ್ರತಿ ವಾರ ಯಾರೋ ನನಗಾಗಿ ನೆನೆದುಕೊಂಡು ಕೂರಬೇಕು. ಇನ್ನು 28, 30, 32 ಕಿಮೀ ಓಟಗಳು ಬಾಕಿ ಇವೆ. ಒಬ್ಬಳೇ ಓಡೋದು ಒಳ್ಳೇದಾ? ನಿಮ್ಮ ಗುಂಪುಗಳಲ್ಲಿ ಏನು ಮಾಡುತ್ತೀರಿ?

ಧಾರವಾಡದಾಕೆ

ಅಕ್ಕಾರ, ಒಬ್ಬರೇ ಓಡಬೇಡ್ರಿ. ಬೆಳಗಿನ ನಾಲ್ಕೂವರೆ ಕತ್ತಲಲ್ಲಿ ಅಂತೂ ಬೇಡವೇ ಬೇಡ.

ನಾವು ನಾಲ್ಕು ಜನ ಹೆಂಗಸರು ವಿಶ್ವವಿದ್ಯಾಲಯದ ಒಳಗಿನ ರಸ್ತೆಯಲ್ಲಿ, ಕೆಲಗೇರಿ ಕೆರೆ ಕಡೆ ಓಡುತ್ತೇವೆ. ಒಂದು ನಿಯಮ ಇದೆ. ಓಟ ಮುಗಿದು ಮನೆ ಮುಟ್ಟಿದ ಮೇಲೆ "ಮುಟ್ಟಿದೆ" ಅಂತ ಒಂದು ಮೆಸೇಜ್ ಹಾಕಬೇಕು. ನಾಲ್ಕೂ ಬರುವ ತನಕ ಯಾರೂ ಸ್ನಾನಕ್ಕೆ ಹೋಗೋದಿಲ್ಲ. ಒಂದು ಸಲ ಒಬ್ಬಾಕೆಯ ಮೆಸೇಜ್ ಬರಲಿಲ್ಲ. ಹತ್ತು ನಿಮಿಷ ನೋಡಿ ಗಾಡಿ ತೆಗೆದುಕೊಂಡು ಹೋದೆವು. ನಾಯಿ ಅಟ್ಟಿಸಿಕೊಂಡು ಬಂದು, ಚರಂಡಿ ಕಲ್ಲಿಗೆ ಎಡವಿ, ಪಾದ ಉಳುಕಿ ಕೂತಿದ್ದಳು. ಫೋನ್ ಬಿದ್ದು ಒಡೆದಿತ್ತು. ಆ ದಿನದಿಂದ ಆ ನಿಯಮ ಯಾರೂ ಮುರಿದಿಲ್ಲ.

ಕಾಯೋದು ಬರೀ ಮರ್ಯಾದೆಯ ಮಾತಲ್ಲ ಅಂತ ಹೇಳಲಿಕ್ಕೆ ಇಷ್ಟು ಬರೆದೆ.

ಆರೂಮುಕ್ಕಾಲು (ಬೆಂಗಳೂರು)

ನಾನು ಕಾಯದೆ ಹೋಗುವವನು. ಆ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಎಂಟೂವರೆಗೆ ಮಗಳನ್ನು ಮೃದಂಗ ಕ್ಲಾಸಿಗೆ ಬಿಡಬೇಕು. ಅಮ್ಮನಿಗೆ ತಿಂಡಿಗೆ ಮೊದಲು ಇನ್ಸುಲಿನ್ ಕೊಡಬೇಕು. ವಾರದಲ್ಲಿ ನನ್ನದು ಅಂತ ಇರುವುದು ಆ ಎರಡೂವರೆ ಗಂಟೆ ಮಾತ್ರ. ಒದ್ದೆ ಬಟ್ಟೆಯಲ್ಲಿ ಒಂದು ಗಂಟೆ ಕೂತರೆ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಚಳಿ ಹಿಡಿಯುತ್ತದೆ. ಕಾಯದೆ ಹೋದವರಿಗೆ ಪ್ರೀತಿ ಕಡಿಮೆ ಅಂತ ದಯವಿಟ್ಟು ತಿಳಿಯಬೇಡಿ.

ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು. ಮುಂಬಯಿ ಫುಲ್ ನಾನು 2019ರಲ್ಲಿ ಓಡಿದ್ದೆ. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಜನವರಿಯ ಒಣ ಚಳಿಯಲ್ಲಿ ಓಡಿ ರೂಢಿಯಾದವರು. ಅಲ್ಲಿ ಸೂರ್ಯ ಹುಟ್ಟುವ ಮೊದಲೇ ಬೆವರು. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಅದಕ್ಕೇ ಮೊದಲ 10 ಕಿಮೀ ನಿಮ್ಮ ವೇಗಕ್ಕಿಂತ ಕಿಮೀಗೆ 15 ಸೆಕೆಂಡ್ ನಿಧಾನವಾಗಿ ಓಡಿ. ಸಮುದ್ರದ ಮೇಲಿನ ಸೇತುವೆ ವರ್ಲಿ ಸೀ ಲಿಂಕ್‌ನಲ್ಲಿ ಗಾಳಿ ಬೀಸಿದಾಗ ಹುರುಪು ಬರುತ್ತದೆ. ಅಲ್ಲಿ ವೇಗ ಹೆಚ್ಚಿಸಬೇಡಿ.

ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಹೆಚ್ಚಿನವರಿಗೆ 30–32 ಕಿಮೀ ಹೊತ್ತಿಗೆ ಖಾಲಿಯಾಗುತ್ತದೆ. ಗೋಡೆಗೆ ಡಿಕ್ಕಿ ಹೊಡೆದ ಹಾಗಾಗುತ್ತದೆ ಅಂತಾರಲ್ಲ, ಅದು ಇದೇ. ನಾನು ಓಡಿದ ವರ್ಷ 36ನೇ ಕಿಮೀ ಹತ್ತಿರ ಪೆಡರ್ ರೋಡ್ ಏರು ಬಂತು. ಏರು ದೊಡ್ಡದಲ್ಲ, ಅದು ಬರುವ ಜಾಗ ಕೆಟ್ಟದ್ದು. ಹಾಗಾಗಿ ಶುರುವಿನಿಂದಲೇ ಮುಕ್ಕಾಲು ಗಂಟೆಗೊಮ್ಮೆ ಏನಾದರೂ ತಿನ್ನಿ. ಖರ್ಜೂರ, ಚಿಕ್ಕಿ, ಜೆಲ್, ಹೊಟ್ಟೆಗೆ ಒಗ್ಗಿದ್ದು ಯಾವುದಾದರೂ ಸರಿ. ಹೊಸದನ್ನು ಓಟದ ದಿನ ತಿನ್ನಬೇಡಿ. ಐದಾರು ಗಂಟೆ ರಸ್ತೆಯಲ್ಲಿ ಇರುವವರು ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ ಆಗುತ್ತದೆ. ಬಾಯಾರಿದಷ್ಟೇ ಕುಡಿಯಿರಿ, ಉಪ್ಪು ಮರೆಯಬೇಡಿ.

ಪೆಡರ್ ರೋಡಿನಲ್ಲಿ ಒಬ್ಬ ಅಜ್ಜಿ ಗಾಲಿ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕಿತ್ತಳೆ ತೊಳೆಗಳ ತಟ್ಟೆ ಇಟ್ಟುಕೊಂಡಿದ್ದರು. ಓಡುವವರಿಗೆ ಸುಲಭವಾಗಲಿ ಅಂತ ಪ್ರತಿ ತೊಳೆಯ ಬೀಜ ತೆಗೆದಿದ್ದರು. ಆ ಕಿತ್ತಳೆಯ ರುಚಿ ಈಗಲೂ ನೆನಪಿದೆ.

ತುಂಗಾತೀರ (ಶಿವಮೊಗ್ಗ)

ನನಗೆ ಗುಂಪೇ ಇಲ್ಲ. ಮೂರು ವರ್ಷದಿಂದ ಒಬ್ಬನೇ ಓಡುತ್ತಿದ್ದೇನೆ. ಬೆಂಚಿನ ಮೇಲೆ ಇಬ್ಬರು ಕೂತಿದ್ದರು ಅಂತ ಓದಿದಾಗ ಎರಡು ಸಲ ಓದಿದೆ.

ಥೇಮ್ಸ್ ದಂಡೆ (ಲಂಡನ್)

ಮೂಲತಃ ಹಾಸನದವನು, ಇಲ್ಲಿಗೆ ಬಂದು 11 ವರ್ಷ. ಬಂದ ಹೊಸದರಲ್ಲಿ ತುಂಗಾತೀರ ಅವರ ಹಾಗೇ ಇದ್ದೆ. ಆಮೇಲೆ ಪಾರ್ಕ್‌ರನ್ ಸಿಕ್ಕಿತು.

2004ರ ಅಕ್ಟೋಬರ್ 2ರಂದು ಬುಷಿ ಪಾರ್ಕ್ ಅನ್ನುವ ಉದ್ಯಾನದಲ್ಲಿ 13 ಜನ ಓಡಿದ್ದರಿಂದ ಇದು ಶುರುವಾಯಿತು. ಶುರು ಮಾಡಿದ ಪಾಲ್ ಸಿಂಟನ್-ಹೆವಿಟ್ ಅವರಿಗೆ ಆಗ ಗಾಯವಾಗಿ ಓಡಲು ಆಗುತ್ತಿರಲಿಲ್ಲ. ಗೆಳೆಯರ ಜೊತೆ ಇರಬೇಕು ಅನ್ನುವ ಆಸೆಯಿಂದ, ತಾವು ನಿಂತು ಗಡಿಯಾರ ಹಿಡಿದರು. ಈಗ ಎಷ್ಟೋ ದೇಶಗಳಲ್ಲಿ ಶನಿವಾರ ಬೆಳಗ್ಗೆ 5 ಕಿಮೀ ನಡೆಯುತ್ತದೆ. ದುಡ್ಡು ಇಲ್ಲ, ಎಲ್ಲ ಸ್ವಯಂಸೇವಕರೇ.

ಇಲ್ಲಿ ಟೇಲ್ ವಾಕರ್ ಅಂತ ಒಂದು ಕೆಲಸ ಇದೆ. ಒಬ್ಬ ಸ್ವಯಂಸೇವಕ ಎಲ್ಲರಿಗಿಂತ ಹಿಂದೆ ಬರುತ್ತಾನೆ. ಕೊನೆಯ ಸ್ಥಾನ ಯಾವಾಗಲೂ ಅವನದೇ. ಹಾಗಾಗಿ ಓಡಲು ಬಂದ ಯಾರೂ ಕೊನೆಯವರು ಆಗುವುದಿಲ್ಲ. ಸರದಿ ಪ್ರಕಾರ ನಾವೆಲ್ಲ ಈ ಕೆಲಸ ಮಾಡುತ್ತೇವೆ.

ನನ್ನ ಸರದಿಯ ದಿನ ಒಬ್ಬರು ಊರುಗೋಲು ಹಿಡಿದು ಬಂದಿದ್ದರು. 5 ಕಿಮೀಗೆ 1 ಗಂಟೆ 20 ನಿಮಿಷ. ಮೊದಲ ಸುತ್ತಿನಲ್ಲಿ ಮಾತಿಲ್ಲ. ಎರಡನೇ ಸುತ್ತಿನಲ್ಲಿ ತೀರಿಹೋದ ಹೆಂಡತಿಯ ಬಗ್ಗೆ ಹೇಳಲು ಶುರು ಮಾಡಿದರು. ಮುಗಿಯುವ ಗೆರೆಯ ಹತ್ತಿರ ಬಂದಾಗ ನಾನು ಎರಡು ಹೆಜ್ಜೆ ಹಿಂದೆ ಉಳಿದೆ, ಅವರು ಮೊದಲು ದಾಟಲಿ ಅಂತ. ಅವರು ತಿರುಗಿ ನೋಡಿ ತಲೆ ಆಡಿಸಿದರು.

ಹಾಗಾಗಿ ಸಂಪಿಗೆಮರ ಅವರೇ, ಕಾಯುವ ಕೆಲಸ ಯಾರೋ ಒಬ್ಬರ ಒಳ್ಳೇತನಕ್ಕೆ ಬಿಟ್ಟರೆ ಎರಡೂ ಕಡೆ ಸಂಕಟ. ಸರದಿ ಹಾಕಿಬಿಟ್ಟರೆ ಋಣದ ಲೆಕ್ಕ ಉಳಿಯುವುದಿಲ್ಲ.

ಕುಕ್ಕರಹಳ್ಳಿ (ಮೈಸೂರು)

ನಿವೃತ್ತ ಮೇಷ್ಟ್ರು ನಾನು. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಟ, ಗುರುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಆರೂಮುಕ್ಕಾಲು ಅವರ ಮಾತು ಸರಿಯಾಗಿದೆ. ಸಂಪಿಗೆಮರ ಅವರ ಸಂಕಟವೂ ಸರಿಯೇ. ಎರಡಕ್ಕೂ ಹೊಂದುವ ಒಂದು ಉಪಾಯ ನಮ್ಮಲ್ಲಿದೆ. ನಾವು ಅದನ್ನು "ಮಡಚಿ ಓಡೋದು" ಅನ್ನುತ್ತೇವೆ.

ದೂರ ನೋಡಿ ಓಡಬೇಡಿ, ಗಡಿಯಾರ ನೋಡಿ ಓಡಿ. ಎಲ್ಲರೂ ಒಂದೇ ಸಮಯಕ್ಕೆ ಹೊರಡಿ. ಸರಿಯಾಗಿ ಒಂದೂವರೆ ಗಂಟೆ ಆದಾಗ, ಯಾರು ಎಲ್ಲಿದ್ದಾರೋ ಅಲ್ಲೇ ತಿರುಗಬೇಕು. ಆರು ನಿಮಿಷದವರು 15 ಕಿಮೀ ಹೋಗಿರುತ್ತಾರೆ, ನೀವು ಹತ್ತೂವರೆ. ವಾಪಸ್ ಬರುವಾಗ ನೀವು ಮುಂದೆ, ಅವರು ಹಿಂದೆ. ವೇಗ ಬದಲಿಸದೆ ಬಂದರೆ ಮೂರು ಗಂಟೆಗೆ ಎಲ್ಲರೂ ಹೊರಟ ಜಾಗಕ್ಕೆ ಒಟ್ಟಿಗೇ ಬರುತ್ತಾರೆ. ಅವರಿಗೆ 30 ಕಿಮೀ ಆಯಿತು, ನಿಮಗೆ 21. ಯಾರೂ ಯಾರಿಗೂ ಕಾಯಲಿಲ್ಲ. ನಿಮಗೆ ಹೆಚ್ಚು ದೂರ ಬೇಕಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲೇ ಹೊರಡಿ. ಜೊತೆಗೆ ಒಬ್ಬರು ಇರಲಿ, ಧಾರವಾಡದ ತಂಗಿ ಹೇಳಿದ ಹಾಗೆ.

ಇದಕ್ಕೆ ನೇರ ರಸ್ತೆ ಬೇಕು. ಪಾರ್ಕಿನೊಳಗೆ ಸುತ್ತು ಹೊಡೆದರೆ ಆಗಲ್ಲ.

ಹೀಗೆ ಹೋಗಿ ತಿರುಗಿ ಬರುವ ಹಾದಿಯ ಸೊಗಸನ್ನು ನಾನು ಕಂಡದ್ದು ಶ್ರೀರಂಗಪಟ್ಟಣದ ಹತ್ತಿರ, ಕಾವೇರಿ ಟ್ರೇಲ್ ಮ್ಯಾರಥಾನ್‌ನಲ್ಲಿ. ಕಾಲುವೆ ದಂಡೆಯ ಮಣ್ಣುಹಾದಿ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ರಂಗನತಿಟ್ಟು ಹತ್ತಿರವೇ ಇರುವುದರಿಂದ ತಲೆ ಮೇಲೆ ಕೊಕ್ಕರೆಗಳು ಹಾದುಹೋಗುತ್ತವೆ. ಒಂಬತ್ತು ಗಂಟೆ ಆದರೆ ನೆರಳು ಸಿಗುವುದು ಕಷ್ಟ. ಆದರೆ ಮೊದಲು ತಿರುಗಿ ಬರುವವನು ಹಿಂದಿರುವ ಪ್ರತಿಯೊಬ್ಬರ ಮುಖ ನೋಡಿಕೊಂಡೇ ಬರಬೇಕು. ಹಾದಿ ಕಿರಿದು, ತಪ್ಪಿಸಿಕೊಳ್ಳಲು ಆಗಲ್ಲ. ಗೆಲ್ಲಲು ಓಡುತ್ತಿದ್ದ ಹುಡುಗ ಏದುಸಿರಲ್ಲೂ ಕೈ ಎತ್ತಿ "ಚೆನ್ನಾಗ್ ಬರ್ತಿದೀರಿ ಸಾರ್" ಅಂದ. ಸುತ್ತು ಹಾದಿಯಲ್ಲಿ ಅವನನ್ನು ನಾನು ನೋಡುತ್ತಲೇ ಇರಲಿಲ್ಲ.

ಮಲೆನಾಡ ಹಾದಿ

ಮೇಷ್ಟ್ರ ಉಪಾಯ ಚೆನ್ನಾಗಿದೆ. ಆದರೆ ಓಟದ ದಿನದ ಮಾತೂ ಬರಲಿ. ಅಲ್ಲಿ ಮಡಚಿ ಓಡಲು ಆಗಲ್ಲ. ಕೊನೆಯವರು ಕೊನೆಗೇ ಬರುತ್ತಾರೆ.

ಒಂದು ಊರಿನ ಓಟದಲ್ಲಿ (ಹೆಸರು ಬೇಡ) ನಾನು ಕಟ್‌ಆಫ್‌ಗೆ, ಅಂದರೆ ಮುಗಿಸಲು ಕೊಟ್ಟ ಕೊನೆಯ ಸಮಯಕ್ಕೆ, 12 ನಿಮಿಷ ಮೊದಲೇ ಮುಗಿಸಿದೆ. ಬರುವಷ್ಟರಲ್ಲಿ ಕಮಾನು ಬಿಚ್ಚಿ ಮಲಗಿಸಿದ್ದರು. ಇಬ್ಬರು ಹುಡುಗರು ಬ್ಯಾನರ್ ಸುತ್ತುತ್ತಿದ್ದರು. ಪದಕದ ಡಬ್ಬ ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ. ಅದನ್ನು ಇವತ್ತಿಗೂ ಮರೆಯಲು ಆಗಿಲ್ಲ. ನಾವೂ ಅಷ್ಟೇ ದೂರ ಓಡಿದ್ದೇವೆ, ಹೆಚ್ಚು ಹೊತ್ತು ಓಡಿದ್ದೇವೆ.

ಅದಕ್ಕೇ ಚಿಕ್ಕಮಗಳೂರಿನ ಮಲ್ನಾಡ್ ಅಲ್ಟ್ರಾ ಬಗ್ಗೆ ನನಗೆ ಅಷ್ಟು ಪ್ರೀತಿ. ಕಾಫಿ ತೋಟದೊಳಗಿನ ಹಾದಿ. 50 ಕಿಮೀ ಓಡಲು ಹೋಗಿದ್ದೆ. ಹಿಂದಿನ ರಾತ್ರಿ ಮಳೆ. ಜಾರುಮಣ್ಣು, ಕಾಲ್ಚೀಲದೊಳಗೆ ಜಿಗಣೆ. 38ನೇ ಕಿಮೀಯಲ್ಲಿ ಮಂಡಿ ಬಗ್ಗಲೇ ಇಲ್ಲ. ನೀರು, ತಿಂಡಿ ಕೊಡುವ ಏಡ್ ಸ್ಟೇಷನ್‌ನಲ್ಲಿ ಕೂತು ನಿಲ್ಲಿಸುತ್ತೇನೆ ಅಂದೆ. ಅಲ್ಲಿದ್ದ ಹೆಂಗಸು ಏನೂ ಕೇಳಲಿಲ್ಲ. ಬಿಸಿನೀರು ತಂದು, ನನ್ನ ಕಾಲ್ಚೀಲ ಬಿಚ್ಚಿ, ಉಪ್ಪು ಸವರಿ, ಜಿಗಣೆ ಒಂದೊಂದಾಗಿ ಬಿಡಿಸಿದರು. ಏಳು ಇದ್ದವು, ಎಣಿಸಿ ಹೇಳಿದರು. ಆಮೇಲೆ ಗೊತ್ತಾಯಿತು, ಅವರು ಬೆಳಗ್ಗೆ ಅದೇ ಓಟಕ್ಕೆ ಹೊರಟು, ಕಾಲು ಉಳುಕಿ 20ನೇ ಕಿಮೀಯಲ್ಲಿ ನಿಲ್ಲಿಸಿದವರು. ಕೋಣೆಗೆ ಹೋಗಿ ಮಲಗಬಹುದಿತ್ತು. ಕುಂಟುತ್ತಾ ಸಂಜೆ ತನಕ ಅಲ್ಲೇ ಇದ್ದರು.

ಆ ದಿನ ನಾನೂ ನಿಲ್ಲಿಸಿದೆ. ಕತ್ತಲಾಗುವ ತನಕ ಅವರ ಪಕ್ಕ ಕೂತು ಬಂದವರಿಗೆ ಆಲೂಗಡ್ಡೆಗೆ ಉಪ್ಪು ಹಚ್ಚಿ ಕೊಟ್ಟೆ. ನನ್ನ ಗೋಡೆಯ ಮೇಲೆ ಆ ವರ್ಷದ ಪದಕ ಇಲ್ಲ, ಎದೆಗೆ ಸಿಕ್ಕಿಸಿಕೊಂಡಿದ್ದ ಬಿಬ್ ನಂಬರ್ ಇದೆ.

ಡರ್ಬನ್ ಬಸ್ (ಮಂಗಳೂರು)

ಕೊನೆಯವರ ಮಾತು ಬಂದ ಮೇಲೆ ಕಾಮ್ರೇಡ್ಸ್ ಬಗ್ಗೆ ಹೇಳದೆ ಇರಲು ಆಗಲ್ಲ. ಸ್ವಲ್ಪ ಉದ್ದ ಆಗುತ್ತದೆ.

ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವಿನ ಓಟ ಇದು. ಸುಮಾರು 90 ಕಿಮೀ. ವಿಕ್ ಕ್ಲಾಫಮ್ ಅನ್ನುವ ರೈಲು ಚಾಲಕ ಮೊದಲ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕಾದಲ್ಲಿ ಸೈನಿಕನಾಗಿ ನೂರಾರು ಮೈಲಿ ನಡೆದಿದ್ದ. ಸತ್ತ ಸಂಗಾತಿಗಳ ನೆನಪಿಗೆ ಕಲ್ಲಿನ ಸ್ಮಾರಕ ಬೇಡ, ಓಟ ಇರಲಿ ಅಂದ. 1921ರ ಮೇ 24ರಂದು 34 ಜನ ಹೊರಟರು, 16 ಜನ ಮುಟ್ಟಿದರು. ಓಟದ ಹೆಸರಿನ ಅರ್ಥವೇ ಸಂಗಾತಿಗಳು.

1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಅನ್ನುವ ಹೆಂಗಸು ಓಡಲು ಬಂದಾಗ ಪ್ರವೇಶ ಕೊಡಲಿಲ್ಲ. ಆಕೆ ಓಡಿ ಮುಗಿಸಿದರು. ಪದಕ ಇಲ್ಲ. ಆಗ ಜೊತೆಗೆ ಓಡಿದವರು, ನೋಡುತ್ತಿದ್ದ ಜನ ಸೇರಿ ಬೆಳ್ಳಿಯ ಚಹಾ ಸೆಟ್ ಕೊಟ್ಟರು. ಹೆಂಗಸರಿಗೂ ಕಪ್ಪು ಜನರಿಗೂ ಅಧಿಕೃತವಾಗಿ ಬಾಗಿಲು ತೆರೆದದ್ದು 1975ರಲ್ಲಿ. 52 ವರ್ಷ ತಡವಾಗಿ! ಬೆಳ್ಳಿ ಕೊಟ್ಟವರು ಸಮಿತಿಯವರಿಗಿಂತ ಎಷ್ಟು ಮುಂದಿದ್ದರು ನೋಡಿ.

ನಾನು ಓಡಿದ್ದು 2018ರ ಜೂನ್‌ನಲ್ಲಿ. ಆ ವರ್ಷ ಇಳಿಓಟ, ಅಂದರೆ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಸಮುದ್ರದ ಕಡೆಗೆ. ಹಿಂದಿನ ದಿನ ಅಲ್ಲಿನ ರೈಲು ನಿಲ್ದಾಣಕ್ಕೆ ಹೋದೆ. 1893ರ ಜೂನ್‌ನಲ್ಲಿ ಗಾಂಧಿಯವರನ್ನು ಗಾಡಿಯಿಂದ ಇಳಿಸಿದ ನಿಲ್ದಾಣ ಅದೇ. ಜೂನ್ ಅಂದರೆ ಅಲ್ಲಿ ಚಳಿಗಾಲ. ಆ ಪ್ಲಾಟ್‌ಫಾರಂನಲ್ಲಿ ನಿಂತಾಗ, ರಾತ್ರಿಯಿಡೀ ಆ ಚಳಿಯಲ್ಲಿ ಕೂತವರ ನೆನಪಾಗಿ ಸ್ವೆಟರ್ ಎಳೆದುಕೊಂಡೆ.

ಅಲ್ಲಿ ಪೇಸರ್ ಗುಂಪನ್ನು, ಅಂದರೆ ಒಂದೇ ವೇಗ ಹಿಡಿದು ಒಟ್ಟಿಗೆ ಓಡುವವರನ್ನು, ಬಸ್ ಅನ್ನುತ್ತಾರೆ. ಮುಂದೆ ಬಾವುಟ ಹಿಡಿದವನು ಡ್ರೈವರ್. ನಾನು 12 ಗಂಟೆಯಲ್ಲಿ ಮುಗಿಸುವ ಬಸ್ ಹತ್ತಿದೆ. ಅದೇ ಕೊನೆಯ ಬಸ್. 12 ಗಂಟೆ ದಾಟಿದರೆ ಪದಕ ಇಲ್ಲ, ಮುಗಿಸಿದವರ ಪಟ್ಟಿಯಲ್ಲಿ ಹೆಸರೂ ಇಲ್ಲ. ಏರು ಬಂದರೆ ಡ್ರೈವರ್ ಕೈ ಎತ್ತುತ್ತಾನೆ, ಎಲ್ಲರೂ ನಡೆಯಬೇಕು. ಕೈ ಇಳಿಸಿದ, ಎಲ್ಲರೂ ಓಡಬೇಕು. ಹಾಡುತ್ತಾ, ಚಪ್ಪಾಳೆ ತಟ್ಟುತ್ತಾ ನೂರಾರು ಕಾಲು ಒಂದೇ ತಾಳದಲ್ಲಿ. ಜುಲು ಹಾಡು, ನನಗೆ ಒಂದು ಪದ ಅರ್ಥವಾಗಲಿಲ್ಲ. ಕಾಲಿಗೆ ಅರ್ಥವಾಯಿತು.

ಫೀಲ್ಡ್ಸ್ ಹಿಲ್ ಇಳಿಜಾರಿನಲ್ಲಿ ತೊಡೆ ಕೈಕೊಟ್ಟಿತು. ಇಳಿಜಾರೇ ಹೆಚ್ಚು ಕೊಲ್ಲುತ್ತದೆ, ಗೊತ್ತಿರಲಿ. ಬಸ್ ಬಿಟ್ಟು ಪಕ್ಕಕ್ಕೆ ಸರಿದೆ. ಹಸಿರು ಬಿಬ್ ಹಾಕಿದ್ದ ಒಬ್ಬ ಮುದುಕ ಸಾಲು ಬಿಟ್ಟು ಬಂದ. ಹಸಿರು ಅಂದರೆ ಹತ್ತು ಸಲ ಮುಗಿಸಿದವನು, ಆ ನಂಬರ್ ಜೀವನಪೂರ್ತಿ ಅವನದೇ. ನನ್ನ ಮಣಿಕಟ್ಟು ಹಿಡಿದ. ಕೈ ಅಲ್ಲ, ಮಣಿಕಟ್ಟು. ನಾವು ಚಿಕ್ಕ ಮಕ್ಕಳನ್ನು ರಸ್ತೆ ದಾಟಿಸುವಾಗ ಹಿಡಿಯುತ್ತೇವಲ್ಲ, ಹಾಗೆ. "ಆ ದೀಪದ ಕಂಬದ ತನಕ" ಅಂದ. ಆಮೇಲೆ ಇನ್ನೊಂದು ಕಂಬ. ಬಸ್ ಮತ್ತೆ ಸಿಕ್ಕಿತು.

ಸ್ಟೇಡಿಯಂ ಒಳಗೆ ಹೋದಾಗ ಒಂಬತ್ತು ನಿಮಿಷ ಉಳಿದಿತ್ತು. ಮುಗಿಸಿದ ಮೇಲೆ ನಮ್ಮಲ್ಲಿ ಯಾರೂ ಹೊರಗೆ ಹೋಗಲಿಲ್ಲ. ಓಟ ಶುರುವಾಗಿ ಸರಿಯಾಗಿ 12 ಗಂಟೆ ಆದಾಗ ಒಬ್ಬ ಅಧಿಕಾರಿ ಗೆರೆಯ ಮೇಲೆ ಬಂದು, ಓಡಿ ಬರುವವರಿಗೆ ಬೆನ್ನು ಮಾಡಿ ನಿಂತು ಗುಂಡು ಹಾರಿಸುತ್ತಾನೆ. ಮುಖ ನೋಡಿದರೆ ಹಾರಿಸಲು ಆಗಲ್ಲವಲ್ಲ. ಗೆರೆಗೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಬ್ಬ ಹೆಂಗಸು ಉಳಿದರು. ಸದ್ದು ಕೇಳಿ ನಿಂತೇಬಿಟ್ಟರು. ಆಗ ಆ ಹಸಿರು ಬಿಬ್‌ನ ಮುದುಕ, ತಾನು ಮುಗಿಸಿದವನು, ಬೇಲಿ ಪಕ್ಕ ಹಿಂದಕ್ಕೆ ನಡೆದು ಹೋಗಿ ಅವರ ಹೆಗಲ ಮೇಲೆ ತನ್ನ ಕಂಬಳಿ ಹೊದಿಸಿದ.

ಸಂಪಿಗೆಮರ ಅವರೇ, ಬೆಂಚಿನ ಮೇಲೆ ಕೂತಿದ್ದ ನಿಮ್ಮ ಹಿರಿಯರಿಗೆ ಅದು ಹೊರೆ ಅನ್ನಿಸಿರಲ್ಲ. ಬೇಕಾದರೆ ಕೇಳಿ ನೋಡಿ.

ತುಂಗಾತೀರ (ಶಿವಮೊಗ್ಗ)

ಶಿವಮೊಗ್ಗದಲ್ಲಿ ಯಾರಾದರೂ ಇದ್ದೀರಾ? ವೇಗ ಯಾವುದಾದರೂ ಆಗಲಿ. ಶನಿವಾರ ಬೆಳಗ್ಗೆ 5:30ಕ್ಕೆ ಬರುತ್ತೇನೆ. ಟೇಲ್ ವಾಕರ್ ಕೆಲಸ ನನಗಿರಲಿ.

ಮಲೆನಾಡ ಹಾದಿ

@ತುಂಗಾತೀರ ನಾನು ಭದ್ರಾವತಿ. 20 ಕಿಮೀ ಅಷ್ಟೇ ದೂರ. ಶನಿವಾರ ಸಿಗೋಣ. ಎಲ್ಲಿ ಅಂತ ಹೇಳಿ.

ಸಂಪಿಗೆಮರ (ಬೆಂಗಳೂರು)

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಗುಂಪಿನವರಿಗೆ ಓದಿ ಹೇಳಿದೆ.

ಮೊನ್ನೆ ಭಾನುವಾರ ಹೆಸರಘಟ್ಟ ಕಡೆ ಮಡಚಿ ಓಡಿದೆವು. ನಾನೂ ಆ ಹೊಸ ಹುಡುಗಿಯೂ ಮುಕ್ಕಾಲು ಗಂಟೆ ಮೊದಲೇ, ತಲೆಗೆ ದೀಪ ಕಟ್ಟಿಕೊಂಡು ಹೊರಟೆವು. ನಾವು ತಿರುಗಿ ಬರುವಾಗ ಉಳಿದವರು ಎದುರಾದರು. ಆರು ವರ್ಷದಲ್ಲಿ ಮೊದಲ ಸಲ ಅವರು ಓಡುವಾಗಿನ ಮುಖ ನೋಡಿದೆ! ಇಷ್ಟು ದಿನ ಬೆನ್ನು ಮಾತ್ರ ಗೊತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಜೋರಾಗಿ ಓಡುವವನು ಓಡುವಾಗ ನಾಲಿಗೆ ಕಚ್ಚಿಕೊಂಡಿರುತ್ತಾನೆ, ಗೊತ್ತೇ ಇರಲಿಲ್ಲ. ಕೊನೆಯ ಎರಡು ಕಿಮೀ ಎಲ್ಲರೂ ಹತ್ತಿರ ಹತ್ತಿರ ಬಂದೆವು. ಇಡ್ಲಿ ಬಿಸಿಯಾಗಿತ್ತು, ನನ್ನದೂ. ನನಗೆ 26 ಕಿಮೀ ಆಯಿತು.

ಹಿರಿಯರನ್ನು ಕೇಳಿದೆ, ಆ ದಿನ ಯಾಕೆ ಕಾದಿರಿ ಅಂತ. 2008ರಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಮೊದಲ ಸಲ ನಡೆದಾಗ ಅವರು ಓಡಿದ್ದರಂತೆ. ಅದೇ ಅವರ ಮೊದಲ ಓಟ. ಮುಗಿಸಿ ಬಂದಾಗ ಪರಿಚಯದವರು ಯಾರೂ ಇರಲಿಲ್ಲ. ಪದಕ ಜೇಬಿಗೆ ಹಾಕಿಕೊಂಡು ಬಸ್ಸಿಗೆ ನಿಂತರಂತೆ. ಅಷ್ಟು ಹೇಳಿ ಚಟ್ನಿ ಕಡೆ ಕೈ ಚಾಚಿದರು.

ಆ ಹುಡುಗಿಗೂ ಮುಂಬಯಿ ಹಾಫ್‌ಗೆ ಜಾಗ ಸಿಕ್ಕಿದೆ. ಓಟದ ವಾರದ ಗುರುವಾರ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೊರಡುತ್ತೇವೆ. ಸುಮಾರು 24 ಗಂಟೆ. ಅದು ಹೋಗಿ ನಿಲ್ಲುವುದೇ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಲ್ಲಿ, ಫುಲ್ ಶುರುವಾಗುವ ಜಾಗದ ಎದುರಿಗೆ. ಶನಿವಾರ ಎಕ್ಸ್‌ಪೋಗೆ ಹೋಗಿ ಬಿಬ್ ತೆಗೆದುಕೊಳ್ಳಬೇಕು, ಓಟದ ದಿನ ಕೊಡುವುದಿಲ್ಲ. ಪುಣೆಯ ಗೆಳತಿಯೂ ಅಲ್ಲಿಗೆ ಬರುತ್ತಾಳೆ. ಬೇರೆ ಯಾರಾದರೂ ಬರುತ್ತೀರಾ?

ಆರೂಮುಕ್ಕಾಲು (ಬೆಂಗಳೂರು)

ನಾನು ಈ ಸಲ ಓಡುತ್ತಿಲ್ಲ. ಆದರೆ ಆ ವಾರ ಆಫೀಸ್ ಕೆಲಸಕ್ಕೆ ಮುಂಬಯಿಯಲ್ಲೇ ಇರುತ್ತೇನೆ. ಭಾನುವಾರ ಮೃದಂಗ ಕ್ಲಾಸ್ ಇಲ್ಲ. ನಿಮ್ಮ ಬಿಬ್ ನಂಬರ್ ಕಳಿಸಿ. ಪೆಡರ್ ರೋಡ್ ಏರಿನ ಮೇಲೆ ನಿಂತಿರುತ್ತೇನೆ, ಬೀಜ ತೆಗೆದ ಕಿತ್ತಳೆ ಹಿಡಿದು. ನೀವು ಎಷ್ಟು ಹೊತ್ತಿಗೆ ಬಂದರೂ.

ಧಾರವಾಡದಾಕೆ

ಮುಗಿಸಿದ ಮೇಲೆ ಇಲ್ಲಿ "ಮುಟ್ಟಿದೆ" ಅಂತ ಹಾಕ್ರಿ ಅಕ್ಕಾರ. ನಾವು ನಾಲ್ಕೂ ಜನ ನೋಡ್ತಾ ಇರ್ತೀವಿ.